ಕೋಸಿಗೊಂದು ಮೊಳ, ಗೆಡ್ಡೆಗೊಂದು ಗೇಣು

ಹೋದ ವರ್ಷ ನಲವತ್ತು ಎಲೆಕೋಸಿನ ಸಸಿ ನೆಟ್ಟು, ಒಂದೇ ಒಂದು ದಿನದ ಪಲ್ಯಕ್ಕಾಗುವಷ್ಟು ಕೋಸು ಕೊಯ್ದವಳು ನಾನು. ಈ ವರ್ಷ ಅದೇ ಅಳತೆಯ ಮಡಿಯಲ್ಲಿ ಹದಿನಾಲ್ಕೇ ಸಸಿ ನೆಟ್ಟೆವು. ಸಂಕ್ರಾಂತಿ ಮುಗಿದ ಮೇಲೆ ಅಕ್ಕಪಕ್ಕದವರಿಗೆ ಹಂಚಿದ್ದೂ ಆಯ್ತು, ಫ್ರಿಜ್ಜಿನಲ್ಲಿ ಇನ್ನೂ ಎರಡು ಕೂತಿವೆ. ನಡುವೆ ಏನಾಯ್ತು ಅಂತ ಹೇಳಬೇಕಾದರೆ ನಮ್ಮ ಅತ್ತೆಯ ವಿಷಯ ಹೇಳಲೇಬೇಕು.

ನಮ್ಮದು ಬೆಂಗಳೂರಿನಲ್ಲಿ ಸಣ್ಣ ಮನೆ. ಹಿತ್ತಲಿನದು ಜೇಡಿಮಣ್ಣು, ಹಿಂಗಾರು ಮಳೆ ಎರಡು ದಿನ ಹೊಡೆದರೆ ಮೂರು ದಿನ ನೀರು ನಿಲ್ಲುತ್ತದೆ. ಹಾಗಾಗಿ ಸಿಮೆಂಟ್ ಇಟ್ಟಿಗೆಯಲ್ಲಿ ಒಂದಡಿ ಎತ್ತರದ ಏರುಮಡಿ ಕಟ್ಟಿಸಿದ್ದೆ. 8 ಅಡಿ ಉದ್ದ, 4 ಅಡಿ ಅಗಲದವು ಎರಡು, 4 ಅಡಿ ಚೌಕದ್ದು ಒಂದು. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿದ್ದೆ.

ಮಾವ ತೀರಿಕೊಂಡ ಮೇಲೆ ಅತ್ತೆ ಮಾಲೂರಿನ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರೋಕೆ ಬಂದರು. ನಲವತ್ತು ವರ್ಷ ಕೋಸು, ಟೊಮೆಟೊ ಬೆಳೆದ ಕೈ ಅದು. ಜಮೀನು ಮಾರಿಯಾಗಿತ್ತು. ಇಲ್ಲಿ ದಿನವಿಡೀ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. "ನಂಗಿಲ್ಲಿ ಏನ್ ಕೆಲ್ಸ ಐತೆ" ಅಂತ ಮಗನ ಹತ್ತಿರ ಹೇಳಿದ್ದು ಒಂದು ಸಲ ನನ್ನ ಕಿವಿಗೂ ಬಿತ್ತು. ಕೇಳಿಸದವಳ ಹಾಗೆ ಇದ್ದೆ.

ಆಗಲೇ ನಾನು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಕೋಸು ನೆಟ್ಟಿದ್ದು. ಜಾಗ ಖಾಲಿ ಬಿಡೋಕೆ ಮನಸ್ಸು ಬರಲಿಲ್ಲ. ಸಸಿ ಅಂದ್ರೆ ಬೆರಳುದ್ದ ಇರುತ್ತಲ್ಲ, ಗೇಣಿಗೊಂದರಂತೆ ನಲವತ್ತನ್ನೂ ಇಟ್ಟುಬಿಟ್ಟೆ. ಅತ್ತೆ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು, ಏನೂ ಅನ್ನಲಿಲ್ಲ. ನವೆಂಬರಿನಲ್ಲಿ ಮಡಿ ಹಸಿರು ಕಂಬಳಿ ಹೊದ್ದ ಹಾಗಿತ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು! ಡಿಸೆಂಬರಿಗೆ ಎಲೆಯ ಮೇಲೆ ಎಲೆ ಬಿದ್ದು, ಒಳಗೆ ಗಾಳಿಯಾಡದೆ, ಮಧ್ಯಾಹ್ನವಾದರೂ ಇಬ್ಬನಿ ಆರುತ್ತಿರಲಿಲ್ಲ. ಎಲೆಯಂಚಿನಿಂದ ಒಳಕ್ಕೆ ಮೊನೆ ಮಾಡಿದ ಹಾಗೆ ಹಳದಿ ಕಲೆ ಬಂತು. ಅದು ಕಪ್ಪುಕೊಳೆ ರೋಗ, ನೀರಿನ ಹನಿ ಸಿಡಿದು ಗಿಡದಿಂದ ಗಿಡಕ್ಕೆ ಹರಡುವಂಥದ್ದು. ಜನವರಿಗೆ ಉಳಿದವು ಮುಷ್ಟಿ ಗಾತ್ರದ ಗಡ್ಡೆಗಳು.

"ನೆಡುವಾಗ್ಲೇ ಯಾಕೆ ಹೇಳ್ಲಿಲ್ಲ ಅತ್ತೆ?" ಅಂದೆ.

"ನೀನು ಕೇಳ್ಲಿಲ್ವಲ್ಲಮ್ಮಾ. ನಿಮ್ಮನೆ, ನಿಮ್ಮ ಮಡಿ ಅಂತ ಸುಮ್ಕಾದೆ."

ಅಷ್ಟು ಹೊತ್ತಿಗೆ ಅವರು ಬಂದು ಎಂಟು ತಿಂಗಳಾಗಿತ್ತು. ಆ 'ನಿಮ್ಮನೆ' ಅನ್ನೋ ಮಾತು ಕೋಸು ಹೋದದ್ದಕ್ಕಿಂತ ಜಾಸ್ತಿ ಚುಚ್ಚಿತು.

ಈ ಸಲ ಸೆಪ್ಟೆಂಬರಿನಲ್ಲಿ ಬೀಜ ಹಾಕುವ ಮೊದಲೇ ಕೇಳಿದೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಂದ ಎದ್ದರು. ಮೊದಲು ಹೇಳಿದ್ದು, ಹೋದ ವರ್ಷ ಕೋಸಿದ್ದ ಮಡಿಗೆ ಮತ್ತೆ ಕೋಸು ಬೇಡ ಅಂತ. ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಕುಲ, ಒಬ್ಬರ ರೋಗ ಇನ್ನೊಬ್ಬರಿಗೆ ಅಂಟುತ್ತದೆ. ಹಾಗಾಗಿ ಹುರುಳಿಕಾಯಿ ಬೆಳೆದಿದ್ದ ಮಡಿಯನ್ನು ಕೋಸಿಗೆ ಆರಿಸಿದೆವು.

ಅಳತೆಗೆ ಟೇಪು ತಂದರೆ ನಕ್ಕುಬಿಟ್ಟರು. ಮೊಣಕೈ ಮಣ್ಣಿಗೂರಿ, ಬೆರಳು ಚಾಚಿ, "ಕೋಸಿಗೊಂದು ಮೊಳ, ಗೆಡ್ಡೆಗೊಂದು ಗೇಣು" ಅಂದರು. ಆಮೇಲೆ ನಾನು ಟೇಪು ಹಿಡಿದು ನೋಡಿದೆ. ಅವರ ಮೊಳ ಸರಿಯಾಗಿ 18 ಇಂಚು, ಅಂದರೆ 45 ಸೆಂಟಿಮೀಟರ್. ಎಲೆಕೋಸಿಗೆ ಪುಸ್ತಕಗಳಲ್ಲಿ ಹೇಳುವುದೂ ಅಷ್ಟೇ! ಗೇಣು 9 ಇಂಚು, ಅದು ಗೆಡ್ಡೆ ಅಂದರೆ ನವಿಲುಕೋಸಿಗೆ. ಬ್ರೊಕೋಲಿಗೂ ಒಂದು ಮೊಳ ಸಾಕು. ಹೂಕೋಸಿಗೆ ಗಿಡದಿಂದ ಗಿಡಕ್ಕೆ ಮೊಳ, ಸಾಲಿನಿಂದ ಸಾಲಿಗೆ ಎರಡಡಿ.

ನಾವು ನೆಟ್ಟ ಲೆಕ್ಕ ಹೀಗೆ. ಮಡಿಯ ಎರಡೂ ಉದ್ದಂಚಿನಿಂದ ಅರ್ಧ ಅಡಿ ಬಿಟ್ಟು ಒಂದೊಂದು ಸಾಲು, ಸಾಲಿಗೆ ಐದು ಸಸಿ. ನಟ್ಟ ನಡುವೆ ಇನ್ನೊಂದು ಸಾಲು, ಅದರಲ್ಲಿ ನಾಲ್ಕು. ನಡುಸಾಲಿನವನ್ನು ಎದುರುಬದುರು ಇಡದೆ, ಪಕ್ಕದ ಎರಡು ಗಿಡಗಳ ಸಂದಿಗೆ ಬರುವಂತೆ ಇಟ್ಟೆವು. ಒಟ್ಟು ಹದಿನಾಲ್ಕು. ಟೊಮೆಟೊ ಇದ್ದ ಚೌಕದ ಮಡಿಯಲ್ಲಿ ಗೇಣಿನ ಲೆಕ್ಕಕ್ಕೆ ಇಪ್ಪತ್ತೈದು ನವಿಲುಕೋಸು.

ಸಸಿಗೆ 25ರಿಂದ 30 ದಿನವಾಗಿ ನಾಲ್ಕೈದು ಎಲೆ ಬಂದಿರಬೇಕು. ಹೂಕೋಸಿನ ಸಸಿ ತಟ್ಟೆಯಲ್ಲೇ ಬಲಿತುಬಿಟ್ಟರೆ ಆಮೇಲೆ ಗುಂಡಿಯಷ್ಟೇ ಹೂ ಕಟ್ಟುತ್ತದೆ. ಕುಳಿಗೊಂದು ಹಿಡಿ ಬೇವಿನ ಹಿಂಡಿ ಹಾಕಿ, ಸಂಜೆ ಹೊತ್ತು, ಕೆಳಗಿನ ಎಲೆಯ ಬುಡದವರೆಗೆ ಮಣ್ಣು ಬರುವಂತೆ ನೆಟ್ಟೆವು. ನಮ್ಮ ತಟ್ಟೆಯಲ್ಲಿ ಈ ಸಲವೂ ನಲವತ್ತು ಕೋಸಿನ ಸಸಿ ಎದ್ದಿದ್ದವು. ಅತ್ತೆ ಗಟ್ಟಿ ಕಾಂಡದ ಹದಿನಾಲ್ಕು ಆರಿಸಿ, ಸತ್ತದ್ದರ ಜಾಗಕ್ಕೆ ಅಂತ ಮೂರು ಇಟ್ಟುಕೊಂಡು, ಉಳಿದದ್ದನ್ನು ಬೀದಿಗೆಲ್ಲ ಹಂಚಿಬಿಟ್ಟರು. ನನಗೆ ಹೊಟ್ಟೆ ಉರಿದದ್ದು ನಿಜ!

"ಇಷ್ಟೊಂದು ಜಾಗ ಖಾಲಿ ಬಿಟ್ರೆ ಹೇಗೆ ಅತ್ತೆ?"

"ಖಾಲಿ ಎಲ್ಲೈತೆ? ಹೊರಗಿನ ಎಲೆ ಅಗಲ ಆಗಿ ಬಿಸಿಲು ಕುಡಿದ್ರೆ ತಾನೇ ಒಳಗೆ ಗಡ್ಡೆ ಕಟ್ಟೋದು."

ಹಾಗಂತ ಬರಿದೂ ಬಿಡಲಿಲ್ಲ. ಸಂದಿಯಲ್ಲಿ ಮೆಂತ್ಯ ಉದುರಿಸಿದರು. ಕೋಸಿನ ಎಲೆ ಹರಡುವಷ್ಟರಲ್ಲಿ, ತಿಂಗಳೊಳಗೆ, ಅದನ್ನು ಕಿತ್ತು ಸಾರು ಮಾಡಿ ಆಗಿತ್ತು. ಆ ಜಾಗಕ್ಕೆ ತರಗೆಲೆ ಹೊದಿಸಿದೆವು. ಕೋಸು ನೆಡುವ ಹದಿನೈದು ದಿನ ಮುಂಚೆಯೇ ಮಡಿಯ ಅಂಚಿಗೆ ಒಂದು ಸಾಲು ಸಾಸಿವೆ ಹಾಕಿದ್ದರು. ಕೋಸಿನ ಎಲೆ ಜರಡಿ ಮಾಡುವ ಹುಳುವಿನ ಪತಂಗ ಮೊದಲು ಸಾಸಿವೆಗೇ ಹೋಗಿ ಮೊಟ್ಟೆ ಇಡುತ್ತದೆ. ಆದರೂ ಹುಳು ಕಂಡಾಗ, ಲೀಟರ್ ನೀರಿಗೆ 40 ಗ್ರಾಂ ಬೇವಿನ ಬೀಜದ ಪುಡಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿದೆವು, ಎಲೆಯ ಕೆಳಬದಿಗೂ.

ನೀರು ಬುಡಕ್ಕೆ ಮಾತ್ರ, ಅದೂ ಒಂದೇ ಸಮ. ಒಣಗಿಸಿ ಒಣಗಿಸಿ ಒಮ್ಮೆಲೇ ಸುರಿದರೆ ಕಟ್ಟಿದ ಗಡ್ಡೆ ಒಡೆಯುತ್ತದೆ. ತಿಂಗಳಾದಾಗ ಒಮ್ಮೆ ಬುಡಕ್ಕೆ ಮಣ್ಣು ಏರಿಸಿದೆವು.

ಡಿಸೆಂಬರಿನಲ್ಲಿ ನವಿಲುಕೋಸು ಸಿಕ್ಕಿತು, ಕಿತ್ತಳೆ ಗಾತ್ರಕ್ಕೇ ಕೊಯ್ದೆವು, ಬಿಟ್ಟರೆ ನಾರಾಗುತ್ತದೆ. ಕೋಸು ಕೈಗೆ ಬಂದದ್ದು ಸಂಕ್ರಾಂತಿಗೆ. ಹದಿನಾಲ್ಕರಲ್ಲಿ ಒಂದು ಕೊಳೆಯಿತು, ಒಂದು ಒಡೆಯಿತು. ಉಳಿದ ಹನ್ನೆರಡನ್ನೂ ಒತ್ತಿ ನೋಡಿದರೆ ಕಲ್ಲು!

ಹಬ್ಬದ ಸಂಜೆ ಎದುರುಮನೆಯವರಿಗೆ ಎಳ್ಳುಬೆಲ್ಲದ ಜೊತೆ ಒಂದು ಕೋಸು ಕೊಡೋಕೆ ಅತ್ತೆಯೇ ಹೋದರು. ನಾನು ಗೇಟಿನ ಹತ್ತಿರ ಇದ್ದೆ.

"ತಗೊಳ್ಳಮ್ಮಾ, ನಮ್ಮನೇದು" ಅಂದರು.

ಮುಂದಿನ ಸಲ ಹೂಕೋಸು ಹಾಕೋಣ ಅಂತಿದ್ದಾರೆ. ಎಷ್ಟು ಸಸಿ ಅಂತ ನಾನಂತೂ ಬಾಯಿ ಬಿಡೋದಿಲ್ಲ. ನಿಮ್ಮ ಮನೆಯಲ್ಲೂ ಹೀಗೆ ಮೆಟ್ಟಿಲ ಮೇಲೆ ಸುಮ್ಮನೆ ಕೂತ ಹಿರಿಯರಿದ್ದರೆ, ಸಸಿ ನೆಡುವ ಮುಂಚೆ ಒಂದು ಮಾತು ಕೇಳಿ ನೋಡಿ. ಅವರು ಹೇಳಿದ ಅಳತೆಯನ್ನು ನಮಗೂ ಬರೆದು ತಿಳಿಸಿ.