ಕೊಪ್ಪಳ ಸೀಮೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಇಂಗ್ಲಿಷ್ ಆಲಿಸುವಿಕೆ ಮತ್ತು ಓದು: ಪರೀಕ್ಷೆಯ ಕೆಲವು ಪ್ರಶ್ನೆಗಳು

ಭಾಷಾ ಕೌಶಲಗಳನ್ನು ಆಲಿಸುವಿಕೆ, ಮಾತು, ಓದು, ಬರಹ ಎಂದು ನಾಲ್ಕಾಗಿ ವಿಂಗಡಿಸುವುದು ಭಾಷಾಬೋಧನೆಯಲ್ಲಿ ಬಹುಕಾಲದ ರೂಢಿ. ಆದರೆ ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ ಲಿಖಿತ ಪತ್ರಿಕೆಯು ಈ ನಾಲ್ಕರಲ್ಲಿ ಮೊದಲ ಎರಡನ್ನು ಪರೀಕ್ಷಿಸುವುದಿಲ್ಲ. ಓದನ್ನು ಪರೀಕ್ಷಿಸುವ ಅಪರಿಚಿತ ಗದ್ಯಭಾಗಕ್ಕೂ ಅದರಲ್ಲಿ ದೊರೆಯುವುದು ಅತ್ಯಲ್ಪ ಅಂಕ. ಉಳಿದ ಬಹುಪಾಲು ಅಂಕಗಳು ತರಗತಿಯಲ್ಲಿ ಆಗಲೇ ಪಾಠವಾದ ಗದ್ಯ ಪದ್ಯಗಳಿಗೆ, ವ್ಯಾಕರಣಕ್ಕೆ ಮತ್ತು ರೂಢಿಗತ ಪತ್ರಲೇಖನಕ್ಕೆ ಸಲ್ಲುತ್ತವೆ. ಹೀಗಾಗಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗೆ ಇಂಗ್ಲಿಷನ್ನು ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಎಷ್ಟಿದೆ ಎಂಬುದನ್ನು ಅವನ ಅಂಕಪಟ್ಟಿ ಹೇಳಲಾರದು. ಮರುವರ್ಷವೇ ವಿಜ್ಞಾನ ವಿಭಾಗದ ಪದವಿಪೂರ್ವ ತರಗತಿಯಲ್ಲೋ ಪಾಲಿಟೆಕ್ನಿಕ್ಕಿನಲ್ಲೋ ಕುಳಿತು, ಉಪನ್ಯಾಸಕರ ಇಂಗ್ಲಿಷ್ ಮಾತನ್ನು ಹಿಂಬಾಲಿಸಲಾಗದೆ ಅವನು ತೊಳಲುವಾಗ ಮಾತ್ರ ಈ ಕೊರತೆ ಬೆಳಕಿಗೆ ಬರುತ್ತದೆ. ಆ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಸೀಮೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಗಳನ್ನು ಮುಂದಿಟ್ಟುಕೊಂಡು, ಈ ಎರಡು ಕೌಶಲಗಳನ್ನು ನ್ಯಾಯವಾಗಿ ಅಳೆಯುವುದು ಹೇಗೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳು ಸೇರಿ 1997ರಲ್ಲಿ ಕೊಪ್ಪಳ ಜಿಲ್ಲೆ ರಚನೆಯಾಯಿತು. ಅದಕ್ಕೆ ಮುನ್ನ ಅವು ರಾಯಚೂರು ಜಿಲ್ಲೆಗೆ ಸೇರಿದ್ದವು. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಕನಕಗಿರಿ, ಕಾರಟಗಿ, ಕುಕನೂರು ಈ ಸೀಮೆಯಿಂದಲೇ ಒಡೆದವು. 1948ರವರೆಗೆ ಇದು ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದ ಭಾಗ. ಅಲ್ಲಿ ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ಉರ್ದುವೇ ಮಾಧ್ಯಮವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಬೋಧಿಸಿ, ಇಂಗ್ಲಿಷನ್ನು ಒಂದು ಕಡ್ಡಾಯ ವಿಷಯವಾಗಿ ಮಾತ್ರ ಇರಿಸಿಕೊಂಡಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಮುಂಬಯಿ ಕರ್ನಾಟಕದಲ್ಲಿಯೂ ಮೂರು ನಾಲ್ಕು ತಲೆಮಾರುಗಳಿಂದ ಮನೆಯೊಳಗೆ ಸುಳಿದಾಡುತ್ತಿದ್ದ ಇಂಗ್ಲಿಷ್ ಇಲ್ಲಿಯ ಹಳ್ಳಿಗಳ ಕಿವಿಗೆ ಬಿದ್ದುದು ತೀರ ತಡವಾಗಿ. ಜಿಲ್ಲೆಯ ಸಾಕ್ಷರತೆ 2001ರ ಜನಗಣತಿಯಲ್ಲಿ ಶೇ. 54ರ ಆಸುಪಾಸಿನಲ್ಲಿದ್ದು, 2011ರಲ್ಲಿ ಶೇ. 68ಕ್ಕೆ ಏರಿತು. ಅಂದರೆ ಇಂದಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಅನೇಕರು ಮನೆಯಲ್ಲಿ ಪುಸ್ತಕ ಹಿಡಿದ ಮೊದಲ ತಲೆಮಾರಿನವರು.

ಇಷ್ಟಾಗಿಯೂ ಈ ನೆಲವನ್ನು ‘ಹಿಂದುಳಿದ’ ಎಂಬ ಒಂದೇ ಪದದಲ್ಲಿ ಮುಗಿಸಲಾಗದು. ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ಇಲ್ಲಿಯವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸುವ ಪ್ರದೇಶದ ನಾಲ್ಕು ಮೇರೆಗಳಲ್ಲಿ ಕೊಪಣವೂ ಒಂದು. ನಾಡವರು ಓದನ್ನು ಅವಲಂಬಿಸದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರೆಂದು ಹೇಳಿದ್ದೂ ಅದೇ ಗ್ರಂಥ. ಕಿವಿಯಿಂದ ಕಲಿಯುವ ಶಕ್ತಿಗೆ ಇಲ್ಲಿ ದೀರ್ಘ ಪರಂಪರೆಯಿದೆ. ಬಯಲಾಟದ ಮಾತನ್ನು ಕೇಳಿಯೇ ಬಾಯಿಪಾಠ ಮಾಡುವ ಊರುಗಳ ಮಕ್ಕಳಿಗೆ ಇಂಗ್ಲಿಷನ್ನು ಮಾತ್ರ ಕಣ್ಣಿನ ಮೂಲಕವೇ ಕಲಿಸುತ್ತಿದ್ದೇವೆ ಎಂಬುದು ವಿಪರ್ಯಾಸ.

ಸರ್ಕಾರಿ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷ್, 2007-08ರಿಂದ ಒಂದನೆಯ ತರಗತಿಗೆ ಇಳಿಯಿತು. ಆದುದರಿಂದ ಈಗಿನ ಎಂಟನೆಯ ತರಗತಿಯ ವಿದ್ಯಾರ್ಥಿಯು ಏಳು ವರ್ಷ ಇಂಗ್ಲಿಷ್ ಪಾಠ ಕೇಳಿಯೇ ಬಂದಿರುತ್ತಾನೆ. ‘ಕೇಳಿ’ ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಇಂಗ್ಲಿಷ್ ಅವಧಿಯಲ್ಲಿ ಶಿಕ್ಷಕರು ಒಂದು ವಾಕ್ಯ ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ, ಮುಂದಿನ ವಾಕ್ಯಕ್ಕೆ ಹೋಗುವುದು ಸಾಮಾನ್ಯ ಪದ್ಧತಿ. ಈ ಕ್ರಮದಲ್ಲಿ ಮಗು ಕಾಯುವುದು ಕನ್ನಡದ ಅರ್ಥಕ್ಕಾಗಿ. ಇಂಗ್ಲಿಷ್ ವಾಕ್ಯವು ಅದರ ಮುನ್ಸೂಚನೆಯ ಸದ್ದು ಮಾತ್ರ. ಇದಕ್ಕೆ ಶಿಕ್ಷಕರನ್ನು ದೂರುವುದು ಸಲ್ಲದು. ಪರೀಕ್ಷೆಯಲ್ಲಿ ಕೇಳದ ಕೌಶಲವನ್ನು ತರಗತಿಯಲ್ಲಿ ಕಲಿಸಲು ಯಾವ ಶಿಕ್ಷಕರಿಗೂ ಸಮಯ ಒದಗುವುದಿಲ್ಲ. ಪರೀಕ್ಷೆಯು ಬೋಧನೆಯ ಮೇಲೆ ಬೀರುವ ಈ ಹಿಂಪ್ರಭಾವವೇ ಆಲಿಸುವಿಕೆಯನ್ನು ಪರೀಕ್ಷೆಯೊಳಗೆ ತರಬೇಕೆನ್ನುವ ವಾದಕ್ಕೆ ಮುಖ್ಯ ಆಧಾರ.

ಆಲಿಸುವಿಕೆಯ ಪರೀಕ್ಷೆ

ಆಲಿಸುವಿಕೆಯಲ್ಲಿ ಎರಡು ಹಂತಗಳಿವೆ. ಹರಿದು ಬರುವ ಧ್ವನಿಯನ್ನು ಪದಗಳಾಗಿ ಒಡೆದುಕೊಳ್ಳುವುದು ಒಂದು. ಒಡೆದ ಪದಗಳಿಂದ ಅರ್ಥವನ್ನು ಕಟ್ಟಿಕೊಳ್ಳುವುದು ಇನ್ನೊಂದು. ಕನ್ನಡದ ಮಗುವಿಗೆ ಮೊದಲನೆಯ ಹಂತದಲ್ಲಿ ಎಲ್ಲವೂ ಕಷ್ಟವಲ್ಲ. ‘ಶಿಪ್’ ಮತ್ತು ‘ಶೀಪ್’ ಪದಗಳ ವ್ಯತ್ಯಾಸ ಬೇರೆ ಕೆಲವು ಭಾಷೆಗಳವರನ್ನು ಕಾಡುತ್ತದೆ. ಹ್ರಸ್ವ ದೀರ್ಘಗಳ ಭೇದವಿರುವ ಕನ್ನಡಿಗರಿಗೆ ಅದು ಸುಲಭ. ಆದರೆ ಪಶ್ಚಿಮ ದಿಕ್ಕನ್ನು ಸೂಚಿಸುವ ‘ವೆಸ್ಟ್’ ಮತ್ತು ಒಳ ಅಂಗಿಯನ್ನು ಸೂಚಿಸುವ ‘ವೆಸ್ಟ್’ ಪದಗಳನ್ನು ಕನ್ನಡ ಲಿಪಿಯಲ್ಲಿ ಬೇರೆಬೇರೆಯಾಗಿ ಬರೆಯುವುದಕ್ಕೂ ಬರುವುದಿಲ್ಲ. ನಮ್ಮ ಒಂದೇ ವಕಾರ ಇಂಗ್ಲಿಷಿನ ಎರಡು ಧ್ವನಿಗಳ ಕೆಲಸ ಮಾಡುತ್ತದೆ. ‘ಪ್ಯಾನ್’, ‘ಫ್ಯಾನ್’ಗಳ ಭೇದ ಉರ್ದು ಮನೆಮಾತಿನ ಮಕ್ಕಳಿಗೆ ತೊಡಕಲ್ಲ, ಏಕೆಂದರೆ ಆ ಧ್ವನಿ ಅವರ ಭಾಷೆಯಲ್ಲೇ ಇದೆ. ಇಂತಹ ಜೋಡಿಗಳನ್ನೇ ಹೆಚ್ಚಾಗಿ ಕೇಳಿದರೆ ನಾವು ಅಳೆಯುವುದು ಇಂಗ್ಲಿಷನ್ನಲ್ಲ, ಮಗುವಿನ ಮನೆಮಾತನ್ನು.

ನಿಜವಾದ ತೊಡಕಿರುವುದು ಒತ್ತಿನಲ್ಲಿ. ಕನ್ನಡದ ಮಾತಿನಲ್ಲಿ ಪ್ರತಿಯೊಂದು ಅಕ್ಷರವೂ ಹೆಚ್ಚುಕಡಿಮೆ ತನ್ನ ಪೂರ್ಣ ರೂಪದಲ್ಲಿ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರ ಎದ್ದು ನಿಂತು, ಉಳಿದವು ಕುಗ್ಗುತ್ತವೆ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಪದಗಳನ್ನು ಬೇರ್ಪಡಿಸುವುದರಲ್ಲಿ ಒತ್ತಿನ ಪಾತ್ರ ದೊಡ್ಡದು. ‘ದಿ ಬಸ್ ಟು ಗಂಗಾವತಿ ವಿಲ್ ಲೀವ್ ಅಟ್ ಟೆನ್ ಫಿಫ್ಟೀನ್’ ಎಂಬ ಪ್ರಕಟಣೆಯನ್ನು ಕೇಳಿಸಿ, ಮೂರು ಗಡಿಯಾರಗಳ ಚಿತ್ರದಲ್ಲಿ ಸರಿಯಾದುದನ್ನು ಗುರುತಿಸಲು ಹೇಳಿದರೆ ಅದು ಒಳ್ಳೆಯ ಪ್ರಶ್ನೆಯಾಗುತ್ತದೆ. ಅಲ್ಲಿ ಬರಹ ಬೇಕಿಲ್ಲ, ಊಹೆಗೆ ಸುಳಿವಿಲ್ಲ, ತಪ್ಪಿದರೆ ಬಸ್ಸೂ ತಪ್ಪುತ್ತದೆ.

ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ. ಶಾಲೆಯನ್ನು ಇಂದಿಗೂ ‘ಸಾಲಿ’ ಎನ್ನುವ ಈ ಸೀಮೆಯಲ್ಲಿಯೂ ಬಸ್ಸು, ರೋಡು, ಟಿಕೀಟು, ಮೊಬೈಲು ಎಲ್ಲರ ಮಾತಿನಲ್ಲಿವೆ. ಇವು ಕೇಳುಗನಿಗೆ ಆಸರೆ. ಆದರೆ ‘ಕರೆಂಟು’ ಎಂದರೆ ಇಲ್ಲಿ ವಿದ್ಯುತ್ತು ಮಾತ್ರ. ತುಂಗಭದ್ರೆಯ ಸೆಳವನ್ನು ಕುರಿತು ‘ದಿ ಕರೆಂಟ್ ವಾಸ್ ಸ್ಟ್ರಾಂಗ್ ನಿಯರ್ ದಿ ಬ್ರಿಡ್ಜ್’ ಎಂದು ಓದಿದರೆ, ಸೇತುವೆಯ ಬಳಿ ವಿದ್ಯುತ್ ತಂತಿಯ ಅಪಾಯವಿದೆ ಎಂದು ವಿದ್ಯಾರ್ಥಿ ತಿಳಿಯುವುದು ಸಹಜ. ಇಂತಹ ಪ್ರಶ್ನೆಗಳನ್ನು ಬಿಟ್ಟುಬಿಡಬೇಕೆಂದಲ್ಲ. ಅವು ಪರೀಕ್ಷಿಸುವುದು ಸಂದರ್ಭಗ್ರಹಣವನ್ನು ಎಂಬ ಅರಿವು ಪ್ರಶ್ನೆ ರಚಿಸುವವರಿಗೆ ಇರಬೇಕು.

ಉತ್ತರ ಯಾವ ಭಾಷೆಯಲ್ಲಿ? ಕೇಳಿ ತಿಳಿದುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ಪರೀಕ್ಷೆ ಬರಹದ್ದಾಗುತ್ತದೆ. ಕನ್ನಡದಲ್ಲಿ ಬರೆಯಿರಿ ಎಂದರೆ ಮೇಲುನೋಟಕ್ಕೆ ಸಮಸ್ಯೆ ಬಗೆಹರಿಯುತ್ತದೆ. ಆದರೆ ಯಲಬುರ್ಗಾ, ಕುಷ್ಟಗಿ ಭಾಗದ ತಾಂಡಾಗಳ ಲಂಬಾಣಿ ಮಕ್ಕಳಿಗೆ, ಗಂಗಾವತಿಯ ಕಾಲುವೆ ಬಯಲಿನ ಕ್ಯಾಂಪುಗಳ ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡವೂ ಶಾಲೆಯ ಭಾಷೆಯೇ. ಪಟ್ಟಿಯಲ್ಲಿ ಪ್ರಥಮ ಭಾಷೆ, ದ್ವಿತೀಯ ಭಾಷೆ ಎಂದಿದ್ದರೂ ಅವರ ಪಾಲಿಗೆ ಇಂಗ್ಲಿಷ್ ಮೂರನೆಯದು. ಆದುದರಿಂದ ಚಿತ್ರ, ಅಂಕಿ, ನಕ್ಷೆ, ಸರಿ ತಪ್ಪು ಗುರುತುಗಳೇ ಉತ್ತರದ ರೂಪವಾಗಿರುವುದು ಹೆಚ್ಚು ನ್ಯಾಯ ಎಂಬುದು ಈ ಲೇಖಕನ ಅಭಿಪ್ರಾಯ. ನಮ್ಮ ಶಾಲೆಗಳು ಚೆನ್ನಾಗಿ ಬಲ್ಲ ಉಕ್ತಲೇಖನವನ್ನೂ ಕಡೆಗಣಿಸಬೇಕಿಲ್ಲ. ಕೇಂಬ್ರಿಡ್ಜಿನವರು 1913ರಲ್ಲಿ ವಿದೇಶೀಯರಿಗಾಗಿ ನಡೆಸಿದ ಮೊದಲ ಇಂಗ್ಲಿಷ್ ಪರೀಕ್ಷೆಯಲ್ಲಿಯೂ ಅದಕ್ಕೆ ಸ್ಥಾನವಿತ್ತು. ಪೂರ್ಣ ವಾಕ್ಯದ ಬದಲು, ಮುದ್ರಿತ ವಾಕ್ಯದಲ್ಲಿ ಬಿಟ್ಟ ಸ್ಥಳಗಳನ್ನು ಮಾತ್ರ ತುಂಬಿಸಿ, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿದ್ದರೆ ಅದು ಆಲಿಸುವಿಕೆಗೆ ಹತ್ತಿರವಾದ ಅಳತೆಗೋಲು.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಒಂದು ಅಂಕಗಣಿತದ ಅಪಾಯವಿದೆ. ಮೂರು ಆಯ್ಕೆಗಳ 20 ಪ್ರಶ್ನೆಗಳಿದ್ದರೆ, ಏನನ್ನೂ ಕೇಳಿಸಿಕೊಳ್ಳದೆ ಗುರುತು ಹಾಕಿದವನಿಗೂ ಸರಾಸರಿ 6ರಿಂದ 7 ಅಂಕ ದೊರೆಯುತ್ತದೆ. ಬಹುಕಾಲ ರೂಢಿಯಲ್ಲಿದ್ದ ಶೇ. 35ರ ಗೆರೆಯನ್ನೇ ಇಟ್ಟರೆ ತೇರ್ಗಡೆಗೆ 7 ಸಾಕು. ಸಂಭಾವ್ಯತೆಯ ಲೆಕ್ಕದಂತೆ, ಬರಿಯ ಊಹೆಯಿಂದಲೇ ಸುಮಾರು ಅರ್ಧದಷ್ಟು ಮಂದಿ ಈ ಗೆರೆ ದಾಟುತ್ತಾರೆ. ನಾಲ್ಕು ಆಯ್ಕೆಗಳಾದರೆ ಆ ಪ್ರಮಾಣ ಐದರಲ್ಲೊಂದರ ಸನಿಹಕ್ಕೆ ಇಳಿಯುತ್ತದೆ. ತೇರ್ಗಡೆಯ ಗೆರೆಯನ್ನು ಊಹೆಯ ಫಲಕ್ಕಿಂತ ಸಾಕಷ್ಟು ಮೇಲಿಡದೆ ಇಂತಹ ಪರೀಕ್ಷೆಯನ್ನು ಜಾರಿಗೆ ತಂದರೆ, ಫಲಿತಾಂಶ ಏರಿತೆಂದು ಸಂಭ್ರಮಿಸಬಹುದೇ ಹೊರತು ಬೇರೇನೂ ಸಾಧಿಸಿದಂತಾಗದು.

ಓದಿನ ಪರೀಕ್ಷೆ

ಕನ್ನಡದ ಬರಹ ಉಚ್ಚಾರಣೆಗೆ ನಿಷ್ಠವಾದುದು. ಅಕ್ಷರ ಕಲಿತ ಮಗು ಅರ್ಥವಾಗದ ಪದವನ್ನೂ ಸರಿಯಾಗಿ ಓದಬಲ್ಲದು. ಇಂಗ್ಲಿಷಿನಲ್ಲಿ ಈ ನಂಬಿಕೆ ಕೈಕೊಡುತ್ತದೆ. ಆಗ ವಿದ್ಯಾರ್ಥಿಯು ಕಂಡುಕೊಂಡ ಉಪಾಯವೆಂದರೆ ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಲಿಪಿಯ ಉಚ್ಚಾರಣೆಯನ್ನು ಬರೆದಿಟ್ಟುಕೊಳ್ಳುವುದು. ಗೈಡುಗಳೂ ಇದನ್ನು ಒದಗಿಸುತ್ತವೆ. ಅವನು ತರಗತಿಯಲ್ಲಿ ನಿರರ್ಗಳವಾಗಿ ಓದುತ್ತಾನೆ. ಓದುತ್ತಿರುವುದು ಮಾತ್ರ ಕನ್ನಡವನ್ನು. ಆದುದರಿಂದ ಪಾಠದ ಪುಸ್ತಕದಿಂದ ಗಟ್ಟಿಯಾಗಿ ಓದಿಸುವುದು ಓದಿನ ಪರೀಕ್ಷೆಯಲ್ಲ.

ಅಪರಿಚಿತ ಗದ್ಯಭಾಗ ಕೊಟ್ಟರೂ ಸಮಸ್ಯೆ ತೀರುವುದಿಲ್ಲ. ‘ದಿ ಟಿಮಾಲ್ ಸ್ಲಿಬ್ಡ್ ನಿಯರ್ ದಿ ಲೂಪನ್’ ಎಂಬ ಅರ್ಥಹೀನ ವಾಕ್ಯವನ್ನು ತೆಗೆದುಕೊಳ್ಳಿ. ‘ವೇರ್ ಡಿಡ್ ದಿ ಟಿಮಾಲ್ ಸ್ಲಿಬ್?’ ಎಂದು ಕೇಳಿದರೆ ‘ನಿಯರ್ ದಿ ಲೂಪನ್’ ಎಂಬ ಉತ್ತರ ತಾನಾಗಿಯೇ ಬರುತ್ತದೆ. ಇಲ್ಲಿ ಯಾರಿಗೂ ಏನೂ ಅರ್ಥವಾಗಿಲ್ಲ. ಅಂಕ ಮಾತ್ರ ಪೂರ್ಣ. ಪ್ರಶ್ನೆಯ ಪದವನ್ನು ಗದ್ಯದಲ್ಲಿ ಹುಡುಕಿ, ಸುತ್ತಲಿನ ಪದಗಳನ್ನು ಎತ್ತಿ ಬರೆಯುವ ಈ ತಂತ್ರವನ್ನು ವಿದ್ಯಾರ್ಥಿಗಳು ಬಹುಬೇಗ ಕಲಿಯುತ್ತಾರೆ. ಇದನ್ನು ತಡೆಯಲು ಪ್ರಶ್ನೆಯಲ್ಲಿ ಗದ್ಯದ ಪದಗಳನ್ನೇ ಮರಳಿ ಬಳಸಬಾರದು. ಎರಡು ವಾಕ್ಯಗಳನ್ನು ಜೋಡಿಸಿದರೆ ಮಾತ್ರ ಉತ್ತರ ದೊರೆಯುವಂತಿರಬೇಕು.

ವಿಷಯದ ಆಯ್ಕೆ ಇನ್ನೊಂದು ಸೂಕ್ಷ್ಮ ಸಂಗತಿ. ಸ್ಥಳೀಯ ವಿಷಯ ಕೊಡಬೇಕೆಂಬುದು ಸಾಮಾನ್ಯ ಸಲಹೆ. ಆದರೆ ಸ್ಥಳ ಒಂದೇ ಅಲ್ಲ. ಭತ್ತದ ನಾಟಿಯನ್ನು ಕುರಿತ ಗದ್ಯವನ್ನು ಕೊಟ್ಟರೆ, ಗಂಗಾವತಿಯ ನೀರಾವರಿ ಹಳ್ಳಿಯ ವಿದ್ಯಾರ್ಥಿ ಗದ್ಯವನ್ನು ಓದದೆಯೇ ಅರ್ಧ ಉತ್ತರ ಹೇಳಬಲ್ಲ. ಮಳೆಯಾಶ್ರಿತ ಎರೆಹೊಲದ ಯಲಬುರ್ಗಾದ ವಿದ್ಯಾರ್ಥಿ ಓದಿಯೇ ತಿಳಿಯಬೇಕು. ಕಿನ್ನಾಳದ ಗೊಂಬೆಗಳನ್ನು ಕುರಿತು ಬರೆದರೆ ಅನುಕೂಲ ಕೊಪ್ಪಳದ ಕಡೆಗೆ ವಾಲುತ್ತದೆ. ಇದನ್ನು ಪತ್ತೆಹಚ್ಚಲು ಸರಳ ಉಪಾಯವಿದೆ: ಗದ್ಯವನ್ನು ಕೊಡದೆ ಪ್ರಶ್ನೆಗಳನ್ನು ಮಾತ್ರ ಒಂದು ತರಗತಿಗೆ ಕೊಟ್ಟು ನೋಡುವುದು. ಊಹೆಯ ಮಟ್ಟಕ್ಕಿಂತ ಹೆಚ್ಚು ಮಂದಿ ಸರಿಯುತ್ತರ ನೀಡಿದ ಪ್ರಶ್ನೆಯನ್ನು ಕೈಬಿಡಬೇಕು.

ಪ್ರತಿ ಏಳನೆಯ ಪದವನ್ನು ಅಳಿಸಿ ತುಂಬಿಸುವ, ವಿಲ್ಸನ್ ಟೇಲರ್ 1953ರಲ್ಲಿ ರೂಪಿಸಿದ ‘ಕ್ಲೋಜ್’ ಪರೀಕ್ಷೆಯನ್ನು ಅನೇಕರು ಶಿಫಾರಸು ಮಾಡುತ್ತಾರೆ. ವಾಕ್ಯ ಮಟ್ಟದ ಓದು ಸಿದ್ಧಿಸಿದವರಲ್ಲಿ ಅದು ಉತ್ತಮ ಸಾಧನ. ಸಿದ್ಧಿಸದವರ ನಡುವೆ ಎಲ್ಲರಿಗೂ ಸೊನ್ನೆ ಬಂದು, ಯಾರು ಎಲ್ಲಿ ನಿಂತಿದ್ದಾರೆಂಬುದೇ ತಿಳಿಯದಾಗುತ್ತದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು 2005ರಿಂದ ಅಳೆಯುತ್ತ ಬಂದಿರುವ ‘ಅಸರ್’ ಸಮೀಕ್ಷೆಯು ಇಂಗ್ಲಿಷನ್ನು ಕೈಗೆತ್ತಿಕೊಂಡ ವರ್ಷಗಳಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ, ಪದ, ವಾಕ್ಯ ಎಂಬ ಮೆಟ್ಟಿಲುಗಳನ್ನು ಬಳಸಿ, ಬಳಿಕ ಅರ್ಥವನ್ನೂ ಪ್ರತ್ಯೇಕವಾಗಿ ಕೇಳಿದೆ. ಎಂಟನೆಯ ತರಗತಿಯ ಪ್ರವೇಶದಲ್ಲಿ ಇಂತಹ ಮೆಟ್ಟಿಲ ಕ್ರಮವೇ ಸೂಕ್ತ. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವ ತಂದೆತಾಯಿಯರ ಜೊತೆ ತಿಂಗಳುಗಟ್ಟಲೆ ಶಾಲೆ ಬಿಟ್ಟು ಮರಳುವ ಕುಷ್ಟಗಿ, ಯಲಬುರ್ಗಾ ಭಾಗದ ಮಕ್ಕಳು ಯಾವ ಮೆಟ್ಟಿಲಲ್ಲಿದ್ದಾರೆಂಬುದು ತರಗತಿಯ ಹೆಸರಿನಿಂದ ತಿಳಿಯುವಂಥದ್ದಲ್ಲ.

ಹೊರಗಿನ ನಿದರ್ಶನ, ಒಳಗಿನ ಅಡಚಣೆ

ಚೀನಾದ ಪ್ರೌಢಶಾಲೆಗಳ ವಿದ್ಯಾರ್ಥಿಗಳು ಎದುರಿಸುವ ‘ಗಾವ್‌ಕಾವ್’ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಗೆ 150 ಅಂಕಗಳು. ಸಾಮಾನ್ಯ ಮಾದರಿಯಲ್ಲಿ ಆಲಿಸುವಿಕೆಗೆ 30 ಅಂಕ, ಓದಿಗೆ ಅದಕ್ಕಿಂತಲೂ ಹೆಚ್ಚು. ಎರಡರಲ್ಲಿಯೂ ಪಠ್ಯಪುಸ್ತಕದ ಪಾಠವನ್ನು ಕೇಳುವುದಿಲ್ಲ. ಚಿಕ್ಕ ಸಂಭಾಷಣೆಗಳನ್ನು ಒಮ್ಮೆ, ದೀರ್ಘವಾದವನ್ನು ಎರಡು ಬಾರಿ ಕೇಳಿಸುತ್ತಾರೆ. ಆದರೂ ಕೆಲವು ಪ್ರಾಂತಗಳು ಆಲಿಸುವಿಕೆಯ ಅಂಕಗಳನ್ನು ಒಟ್ಟು ಅಂಕಕ್ಕೆ ಸೇರಿಸದೆ ಬಿಟ್ಟ ಉದಾಹರಣೆಗಳಿವೆ. ದಕ್ಷಿಣ ಕೊರಿಯಾದಲ್ಲಿ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಆಲಿಸುವಿಕೆ ನಡೆಯುವಾಗ ಸದ್ದಾಗದಿರಲೆಂದು ವಿಮಾನಗಳ ಏರಿಳಿತವನ್ನೇ ನಿಲ್ಲಿಸುತ್ತಾರೆ.

ನಮ್ಮಲ್ಲಿ ವಿಮಾನದ ಚಿಂತೆಯಿಲ್ಲ. ಬೇಸಿಗೆಯ ಬಿಸಿಲು, ತಿರುಗುವ ಫ್ಯಾನಿನ ಸದ್ದು, ಕೈಕೊಡುವ ವಿದ್ಯುತ್ತು, ಪಕ್ಕದ ಕೋಣೆಯ ಗದ್ದಲ ಇವು ನಮ್ಮ ಅಡಚಣೆಗಳು. ಶಿಕ್ಷಕರೇ ಓದಿ ಹೇಳಿದರೆ ಪ್ರತಿ ಕೇಂದ್ರದಲ್ಲಿ ಪರೀಕ್ಷೆ ಬೇರೆಯಾಗುತ್ತದೆ, ವಿಶ್ವಸನೀಯತೆ ಉಳಿಯದು. ಧ್ವನಿಮುದ್ರಣ ಅನಿವಾರ್ಯ. ಅದರಲ್ಲಿ ಇಂಗ್ಲೆಂಡಿನ ದನಿ ಬೇಡ. ಸ್ಪಷ್ಟವಾದ ಭಾರತೀಯ ದನಿ ಸಾಕು, ಏಕೆಂದರೆ ಈ ಮಕ್ಕಳು ಮುಂದೆ ಕೇಳಬೇಕಾದ ಇಂಗ್ಲಿಷ್ ಅದೇ. ಬ್ಯಾಟರಿಯಿಂದ ನಡೆಯುವ ಸಣ್ಣ ಧ್ವನಿವರ್ಧಕ, ಒಂದು ಕೋಣೆಗೆ ಇಪ್ಪತ್ತು ಇಪ್ಪತ್ತೈದು ವಿದ್ಯಾರ್ಥಿಗಳು, ಪ್ರತಿ ಭಾಗವನ್ನೂ ಎರಡು ಬಾರಿ ಕೇಳಿಸುವುದು ಎಂಬಷ್ಟು ಏರ್ಪಾಡು ಈ ಸೀಮೆಯ ಯಾವ ಪ್ರೌಢಶಾಲೆಗೂ ಅಸಾಧ್ಯವಲ್ಲ. ಬಾನುಲಿಯ ‘ಕೇಳಿ-ಕಲಿ’ ಪಾಠಗಳನ್ನು ಕೇಳಿಸಿದ ಅನುಭವವೂ ನಮ್ಮ ಶಾಲೆಗಳಿಗಿದೆ.

ಅಂಕವನ್ನು ಎಲ್ಲಿ ಸೇರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಆಲಿಸುವಿಕೆಯನ್ನು ಈ 20ರೊಳಗೆ ಹಾಕುವುದು ಎಲ್ಲರಿಗೂ ತೋಚುವ ಸುಲಭದ ದಾರಿ. ಶಾಲೆಯ ಫಲಿತಾಂಶಕ್ಕೆ ಶಾಲೆಯೇ ಅಂಕ ಕೊಡುವಾಗ ಅವು ಪೂರ್ಣಾಂಕದತ್ತ ಏರುವುದು ಸಹಜವಾದುದರಿಂದ, ಆ ದಾರಿಯಲ್ಲಿ ಕೌಶಲದ ಅಳತೆ ಕಾಣೆಯಾಗುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗೆ ಪೂರಕವಾಗಿ 2006ರಲ್ಲಿ ಹೊರಬಂದ ಇಂಗ್ಲಿಷ್ ಬೋಧನೆಯ ನಿಲುವುಪತ್ರವು, ಭಾಷಾ ಮೌಲ್ಯಮಾಪನವನ್ನು ನಿರ್ದಿಷ್ಟ ಪಠ್ಯಕ್ಕೆ ಕಟ್ಟಿಹಾಕದೆ ಭಾಷಾ ಸಾಮರ್ಥ್ಯದ ಕಡೆಗೆ ತಿರುಗಿಸಬೇಕೆಂದು ಹೇಳಿತ್ತು. ಅದನ್ನು ಅನುಸರಿಸಿ, ಮೊದಲ ಕೆಲವು ವರ್ಷ ಆಲಿಸುವಿಕೆಯ ಪರೀಕ್ಷೆಯನ್ನು ತೇರ್ಗಡೆಗೆ ಸೇರಿಸದೆ, ಎಂಟನೆಯ ತರಗತಿಯ ಆರಂಭದಲ್ಲಿ ಒಮ್ಮೆ ಮತ್ತು ಒಂಬತ್ತರ ಕೊನೆಯಲ್ಲಿ ಒಮ್ಮೆ ನಡೆಸುವುದು ಲೇಸು. ಎರಡೂ ಬಾರಿ ಉತ್ತರಪತ್ರಿಕೆಗಳನ್ನು ನೆರೆಯ ತಾಲ್ಲೂಕಿನ ಶಿಕ್ಷಕರು ನೋಡಬೇಕು. ಅಂಕಗಳ ಜೊತೆಗೆ ಮಗುವಿನ ಮನೆಮಾತು ಮತ್ತು ಆ ವರ್ಷ ಶಾಲೆಗೆ ಬಂದ ದಿನಗಳ ಸಂಖ್ಯೆಯನ್ನೂ ಅದೇ ಸಾಲಿನಲ್ಲಿ ದಾಖಲಿಸಿದರೆ, ಎರಡನೆಯ ಬಾರಿಯ ಅಂಕ ಏಕೆ ಏರಿತು, ಏಕೆ ಏರಲಿಲ್ಲ ಎಂಬುದನ್ನು ಮುಂದಿನ ಸಂಶೋಧಕರು ಹುಡುಕಲು ಆಧಾರ ದೊರೆಯುತ್ತದೆ.