ನೆಲ ಅಗೆಯಲು ಕಾಲ ಯಾವುದು?

ರಷ್ಯಾ, ಕೆನಡಾಗಳಂತಹ ಚಳಿನಾಡುಗಳಲ್ಲಿ ಮನೆಗೆ ಪಾಯ ತೆಗೆಯುವವರು ಮೊದಲು ವಿಚಾರಿಸುವುದು ನೆಲ ಯಾವಾಗ ಹೆಪ್ಪುಗಟ್ಟುತ್ತದೆ ಎಂಬುದನ್ನು. ಮಣ್ಣಿನೊಳಗಿನ ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ನೆಲ ಉಬ್ಬಿ ಕಲ್ಲಿನಂತಾಗುತ್ತದೆ. ಆದ್ದರಿಂದ ಅಗೆತವನ್ನು ಚಳಿಗೆ ಮುನ್ನವೇ ಮುಗಿಸುತ್ತಾರೆ. ಇಲ್ಲವಾದರೆ ನೆಲಕ್ಕೆ ಹುಲ್ಲು ಹೊದಿಸಿ ಕಾಪಾಡುತ್ತಾರೆ. ಹೆಪ್ಪುಗಟ್ಟಿದ ಗುಂಡಿಯ ಗೋಡೆ ನೆಟ್ಟಗೆ ನಿಂತಿರುತ್ತದೆ. ಅದನ್ನು ನಂಬುವಂತಿಲ್ಲ. ಮಂಜು ಕರಗಿದೊಡನೆ ಕುಸಿಯುತ್ತದೆ.

ಕೊಡಗಿನ ಸಿದ್ದಾಪುರದಲ್ಲಿ ನೆಲ ಹೆಪ್ಪುಗಟ್ಟುವುದಿಲ್ಲ. ಆದರೆ ಇಲ್ಲಿನ ಮಣ್ಣಿಗೂ ಅಂತಹುದೇ ಒಂದು ಮೋಸದ ಗಟ್ಟಿತನವಿದೆ, ಅದು ಬೇಸಿಗೆಯದು. ಮಾರ್ಚ್ ತಿಂಗಳಲ್ಲಿ ಕಡಿದ ಬರೆ ಗೋಡೆಯಂತೆ ನಿಲ್ಲುತ್ತದೆ. ಮಣ್ಣಿನ ಕಣಗಳ ನಡುವೆ ಉಳಿದ ಅಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುವುದೇ ಇದಕ್ಕೆ ಕಾರಣ. ಹೊಳೆದಂಡೆಯಲ್ಲಿ ಮಕ್ಕಳು ಕಟ್ಟುವ ಮರಳಿನ ಗುಡಿ ನಿಲ್ಲುವುದೂ ಹೀಗೆಯೇ. ಮಳೆನೀರು ತುಂಬಿಕೊಂಡಾಗ ಈ ಬಿಗಿ ಸಡಿಲವಾಗುತ್ತದೆ, ಮಣ್ಣಿನ ತೂಕ ಹೆಚ್ಚುತ್ತದೆ, ಒಳಗಿನ ನೀರಿನ ಒತ್ತಡ ಕಣಗಳನ್ನು ದೂರ ತಳ್ಳುತ್ತದೆ. ಬುಡ ಕಳೆದುಕೊಂಡ ಇಳಿಜಾರು ಜಾರುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಮೊದಲಾದೆಡೆ ಬೆಟ್ಟಗಳು ಕುಸಿದಾಗ, ಅತಿಯಾದ ಮಳೆಯೊಂದಿಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅಭಿಪ್ರಾಯಪಟ್ಟಿತು. ಮರುವರ್ಷ ಅದೇ ತಿಂಗಳಲ್ಲಿ ಕಾವೇರಿ ಉಕ್ಕಿ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ನದಿದಂಡೆಯ ಮನೆಗಳನ್ನು ಕೆಡವಿತು. ದಂಡೆಯಲ್ಲಿ ಉಳಿದರೆ ಪ್ರವಾಹದ ಭಯ. ಮೇಲೇರಿದರೆ ಹಲವೆಡೆ ಇಳಿಜಾರನ್ನು ಕಡಿದು ನೆಲ ಸಮಮಾಡಬೇಕು. ಅಗೆತದ ಕಾಲನಿರ್ಣಯ ಇಂತಹ ಕುಟುಂಬಗಳಿಗೆ ಜೀವದ ಪ್ರಶ್ನೆ.

ಹಳೆಯ ಕೊಡಗು ಈ ಕಾಲವನ್ನು ಅರಿತಿತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಕಕ್ಕಡ ತಿಂಗಳು ಗದ್ದೆ ನಾಟಿಯ ಕಾಲ. ಕಾಫಿ ತೋಟದಲ್ಲಿಯೂ ಗುದ್ದಲಿಗೆ ಅದರದೇ ಹೊತ್ತು ಇದೆ. ನೀರಿಂಗಿಸುವ ತೊಟ್ಟಿಲು ಗುಂಡಿಗಳನ್ನು ಮಳೆಯ ಬಿರುಸು ತಗ್ಗಿ, ಮಣ್ಣು ಇನ್ನೂ ಮೆದುವಾಗಿರುವಾಗ ತೆಗೆಯುತ್ತಾರೆ.

ಮನೆ ಕಟ್ಟುವವನ ಲೆಕ್ಕ ಇನ್ನೂ ಬಿಗಿ. ಮಳೆಯಿಲ್ಲದ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕುಯ್ಲು. ಆಗ ಆಳುಗಳು ಸಿಗುವುದು ಕಷ್ಟ. ಕುಯ್ಲು ಮುಗಿಯುವ ಹೊತ್ತಿಗೆ ಹೂಮಳೆ ಬರುತ್ತದೆ, ಮೇ ತಿಂಗಳಲ್ಲಿ ಗುಡುಗು ಮಳೆ, ಜೂನ್‌ನಲ್ಲಿ ಮುಂಗಾರು. ಯಂತ್ರ ಬಂದ ಮೇಲೆ ತಿಂಗಳ ಕೆಲಸ ದಿನದಲ್ಲಿ ಮುಗಿಯುತ್ತದೆ. ಆದರೆ ಯಂತ್ರ ಬರೆಯನ್ನು ಕಡಿಯಬಲ್ಲದು, ಬರೆಗೆ ಆಸರೆ ಕೊಡಲಾರದು.

2018ರ ನಂತರ ಜಿಲ್ಲಾಡಳಿತ ಮಳೆಗಾಲದಲ್ಲಿ ಮಣ್ಣು ಅಗೆಯುವುದನ್ನು ನಿರ್ಬಂಧಿಸಿದ್ದುಂಟು. ಇದು ಅಗತ್ಯವಾದರೂ ಸಾಲದು. ಆಗಸ್ಟ್‌ನಲ್ಲಿ ಕುಸಿಯುವ ಬರೆ ಮಾರ್ಚ್‌ನಲ್ಲಿ ಕಡಿದದ್ದಾಗಿರಬಹುದು. ಆದ್ದರಿಂದ ಜೂನ್ ತಿಂಗಳಿನಿಂದ ಹಿಂದಕ್ಕೆ ಎಣಿಸಬೇಕು. ಮುಂಗಾರಿಗೆ ಮೊದಲೇ ನೀರು ಹೊರಹೋಗಲು ರಂಧ್ರಗಳುಳ್ಳ ತಡೆಗೋಡೆ ಎದ್ದಿರಬೇಕು, ಪಾಯದ ಸುತ್ತ ಮಣ್ಣು ತುಂಬಿ ಗಟ್ಟಿಸಿರಬೇಕು, ಬರೆಯ ಮೇಲ್ಭಾಗದಲ್ಲಿ ನೀರನ್ನು ಬದಿಗೆ ತಿರುಗಿಸುವ ಚರಂಡಿ ಇರಬೇಕು. ಇಷ್ಟಕ್ಕೆ ದಿನಗಳು ಸಾಲವೆಂದು ಕಂಡರೆ, ಆ ವರ್ಷ ಬರೆ ಕಡಿಯದೆ ಮುಂದಿನ ಬೇಸಿಗೆಗೆ ಕಾಯುವುದೇ ಲೇಸು.