ಫಸ್ಟ್ ಕ್ಲಾಸ್ ಪಿಟೀಲು

ಹೋದ ವರ್ಷ ಹಾಸ್ಟೆಲ್ ಗಣೇಶನ ಹಬ್ಬದಲ್ಲಿ ನನ್ನ ಮಾನ ಹೋಯಿತು. "ಇವನು ವಯಲಿನ್ ಜೂನಿಯರ್ ಪಾಸ್, ಅದೂ ಫಸ್ಟ್ ಕ್ಲಾಸ್" ಅಂತ ರೂಮ್‌ಮೇಟ್ ಊರಿಗೆಲ್ಲಾ ಸಾರಿದ್ದ. ಫೈನಲ್ ಇಯರ್ ಅಣ್ಣ ಒಬ್ಬರು ದೇವರನಾಮ ಶುರು ಮಾಡಿ, "ಜೊತೆಗೆ ನುಡಿಸಪ್ಪಾ" ಅಂದರು. ಅವರ ಶ್ರುತಿ ಯಾವುದು ಅಂತ ನಾನು ತಂತಿ ತಿರುಗಿಸ್ತಾ ಇರೋವಾಗಲೇ ಪಲ್ಲವಿ ಮುಗಿದಿತ್ತು. ಪಕ್ಕದ ರೂಮಿನ ಸಿವಿಲ್ ಹುಡುಗ ಸಂಗೀತದ ಒಂದು ಪರೀಕ್ಷೆನೂ ಬರೆದವನಲ್ಲ. ಅವನು ಕೀಬೋರ್ಡ್‌ನಲ್ಲಿ ಎರಡನೇ ಸಾಲಿಗೇ ಹಿಡಿದುಬಿಟ್ಟ.

ಹಾಗಾದ್ರೆ ನನ್ನ ಸರ್ಟಿಫಿಕೇಟ್ ಏನನ್ನ ಸರ್ಟಿಫೈ ಮಾಡಿತ್ತು?

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ನಮ್ಮ ರಾಜ್ಯದಲ್ಲಿ ಕರ್ನಾಟಕ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಅನ್ನೋ ಮೆಟ್ಟಿಲುಗಳಿವೆ. ಥಿಯರಿ ಬರೀಬೇಕು, ಪ್ರಾಕ್ಟಿಕಲ್ ನುಡಿಸಬೇಕು. ಹಿಂದೂಸ್ತಾನಿಯವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ವಿಶಾರದ ಇತ್ಯಾದಿ. ಕೀಬೋರ್ಡ್, ಗಿಟಾರ್ ಕಲಿಯೋರು ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಗ್ರೇಡ್ ಕಟ್ಟುತ್ತಾರೆ, 8ರವರೆಗೆ.

ಎಬಿಆರ್‌ಎಸ್‌ಎಂ ಪ್ರಾಕ್ಟಿಕಲ್‌ನ ಲೆಕ್ಕ ನೋಡಿ, ನಮ್ಮಂಥವರಿಗೆ ಬೇಗ ಅರ್ಥ ಆಗುತ್ತೆ. ಒಟ್ಟು 150 ಅಂಕ. ಮೊದಲೇ ತಯಾರು ಮಾಡಿಕೊಂಡು ಹೋಗುವ ಮೂರು ಪೀಸ್‌ಗಳಿಗೆ ತಲಾ 30, ಅಂದ್ರೆ 90. ಸ್ಕೇಲ್‌ಗಳಿಗೆ 21. ನೋಡಿರದ ಸಂಗೀತವನ್ನ ಓದಿ ಅಲ್ಲೇ ನುಡಿಸೋಕೆ 21, ಕಿವಿಯ ಪರೀಕ್ಷೆಗೆ 18. ಪಾಸಾಗೋಕೆ 100 ಸಾಕು. ಶೇ. 60 ಅಂಕ ಮೂರೇ ಪೀಸ್‌ನಲ್ಲಿದ್ರೆ ವರ್ಷವಿಡೀ ಏನು ಪ್ರಾಕ್ಟೀಸ್ ಆಗುತ್ತೆ ಅಂತ ಬೇರೆ ಹೇಳಬೇಕಾ? ಮಾಡ್ಯೂಲ್ ಬಿಟ್ಟು ಹಳೇ ಕ್ವೆಶ್ಚನ್ ಪೇಪರ್ ಹಿಡಿಯೋ ನಾವು ಅವರನ್ನ ನೋಡಿ ನಗೋ ಹಾಗಿಲ್ಲ. 2020ರಲ್ಲಿ ಅವರು ತಂದ ಪರ್ಫಾರ್ಮೆನ್ಸ್ ಗ್ರೇಡ್‌ನಲ್ಲಂತೂ ನಾಲ್ಕು ಪೀಸ್ ನುಡಿಸಿದರಾಯ್ತು, ಸೈಟ್ ರೀಡಿಂಗೂ ಇಲ್ಲ, ಕಿವಿಯ ಪರೀಕ್ಷೆಯೂ ಇಲ್ಲ.

ನನ್ನದೂ ಅದೇ ಕಥೆ. ಒಂದು ವರ್ಣವನ್ನ ಎಂಟು ತಿಂಗಳು ತಿಕ್ಕಿದ್ದೆ. ನಿದ್ದೆಯಲ್ಲೂ ಬೆರಳು ಓಡ್ತಿತ್ತು. ಆದ್ರೆ ಓಡ್ತಿದ್ದದ್ದು ಬೆರಳು, ಕಿವಿ ಅಲ್ಲ. ಪರೀಕ್ಷೆಗೆ ನನ್ನ ಶ್ರುತಿಗೆ ನಾನೇ ವಾದ್ಯ ಕೂಡಿಸಿಕೊಂಡು ಹೋಗಿದ್ದೆ. ಕಚೇರಿಯಲ್ಲಿ ಪಿಟೀಲಿನವರು ಹಾಡುವವರ ಶ್ರುತಿಗೆ ಕೂಡಿಸಿ, ಅವರು ಆಗತಾನೆ ಹುಟ್ಟಿಸಿದ ಆಲಾಪನೆಯನ್ನ ಹಿಂದೆಯೇ ಹಿಡಿದು ಹೋಗ್ತಾರೆ. ಪಿಟೀಲಿನ ಅರ್ಧ ಜೀವನ ಅದೇ. ನಾನು ಕಲಿತ ಸಿಲಬಸ್ಸಿನಲ್ಲಿ ಅದು ಬರಲೇ ಇಲ್ಲ.

ಹಾಗಂತ ಪರೀಕ್ಷೆ ದಂಡ ಅನ್ನೋಕೆ ನನಗೆ ಮನಸ್ಸಿಲ್ಲ. ಪರೀಕ್ಷೆ ಇಲ್ಲದಿದ್ರೆ ಜಂಟಿ ವರಸೆಯನ್ನ ಮೂರು ಕಾಲದಲ್ಲಿ ನಾನು ಖಂಡಿತಾ ನುಡಿಸ್ತಿರಲಿಲ್ಲ, ನೇರ ಸಿನಿಮಾ ಹಾಡಿಗೆ ಹಾರ್ತಿದ್ದೆ. ಏಳು ತಾಳ, ಐದು ಜಾತಿ, ಗುಣಿಸಿದ್ರೆ 35 ಅನ್ನೋದು ಥಿಯರಿ ಓದಿದಾಗಲೇ ತಲೆಗೆ ಹೋಗಿದ್ದು. ಇನ್ನೊಂದು ಲಾಭ, ಹೊರಗಿನ ಕಿವಿ. ಅಮ್ಮನಿಗೆ ನಾನು ಏನು ನುಡಿಸಿದರೂ ಚೆಂದ. ಎದುರು ಕೂತ ಪರೀಕ್ಷಕರು ಮಾತ್ರ "ಗಾಂಧಾರ ಸ್ವಲ್ಪ ಇಳೀತಿದೆ ಮರಿ" ಅಂದ್ರು. ಇವತ್ತಿಗೂ ಆ ಸ್ವರ ಬಂದಾಗ ಬೆರಳು ಎಚ್ಚರ ಆಗುತ್ತೆ.

ನಿಜವಾದ ಪೆಟ್ಟು ಬಿದ್ದದ್ದು ರಿಸಲ್ಟ್ ಬಂದ ಮೇಲೆ. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ ಅಂತ ಪಿಟೀಲು ಅಟ್ಟ ಸೇರಿತು. ಮುಂದೆ ಪರೀಕ್ಷೆ ಇಲ್ಲ ಅಂದಮೇಲೆ ನುಡಿಸೋಕೆ ಕಾರಣವೇ ಉಳಿದಿರಲಿಲ್ಲ. ಮೂರು ವರ್ಷ ಪೆಟ್ಟಿಗೆ ತೆಗೆಯಲಿಲ್ಲ. ಇದನ್ನ ಬರೆಯೋಕೆ ಹಬ್ಬದ ಆ ಅವಮಾನಕ್ಕಿಂತ ಹೆಚ್ಚು ನಾಚಿಕೆ ಆಗ್ತಿದೆ.

ಈಗ ರಾತ್ರಿ ಊಟ ಆದ್ಮೇಲೆ ಸಿವಿಲ್ ಹುಡುಗ ಮತ್ತು ನಾನು ಟೆರೇಸಿಗೆ ಹೋಗ್ತೀವಿ. ಅವನು ಬಾಯಿಗೆ ಬಂದ ಶ್ರುತಿಯಲ್ಲಿ ನಾಲ್ಕು ಸಾಲು ಗುನುಗುತ್ತಾನೆ, ನಾನು ಹುಡುಕಬೇಕು. ಬದಲಿಗೆ ಅವನಿಗೆ ಅಲಂಕಾರ ಹೇಳಿಕೊಡ್ತಿದ್ದೀನಿ, ಅವನ ತಾಳ ತೀರಾ ಕೆಟ್ಟದು. ಸೀನಿಯರ್ ಫಾರ್ಮ್ ಯಾವಾಗ ತುಂಬ್ತೀಯ ಅಂತ ಅಮ್ಮ ಫೋನಲ್ಲಿ ಕೇಳ್ತಾನೇ ಇರ್ತಾರೆ. ತುಂಬ್ತೀನಿ, ಆದ್ರೆ ಈ ಸಲ ಗಣೇಶನ ಹಬ್ಬ ಮುಗಿದ ಮೇಲೆ.